ಗೇಟ್ ಹಯ್ಯಾಳಪ್ಪ ಮತ್ತು ಕಂಪ್ಯೂಟರಿನ ಹುಳ

ಖಾರ ಕುಟ್ಟುವ ಒರಳಿನಲ್ಲಿ ಪೆನ್‌ಡ್ರೈವ್ ಹಾಕಿ ಕುಟ್ಟಿದ ಮನುಷ್ಯರನ್ನು ನನ್ನ ಜೀವಮಾನದಲ್ಲಿ ನಾನು ಒಬ್ಬರನ್ನೇ ಕಂಡಿದ್ದೇನೆ. ಅದು ನಮ್ಮ ಹೆಡ್‌ಮಾಸ್ತರರ ಪೆನ್‌ಡ್ರೈವ್. ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲಿದ್ದವು. ನಾನು ಶಹಾಪುರದಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನರ ಕಂಪ್ಯೂಟರಿನಲ್ಲಿ ಒಂದೆರಡು ತಪ್ಪು ತಿದ್ದಿಕೊಳ್ಳೋಣವೆಂದು, ಅವರು ಊಟಕ್ಕೆ ಕುಳಿತ ಹೊತ್ತು ನೋಡಿ ಒಳಗೆ ಹೋಗಿದ್ದೆ. ಇನ್ನೇನು ಚುಚ್ಚಬೇಕು, ಹಿಂದಿನಿಂದ ಎಂಜಲು ಕೈಯೊಂದು ಬಂದು ನನ್ನ ಮಣಿಕಟ್ಟು ಹಿಡಿಯಿತು. ಆ ಕೈಗೆ ಎರಡು ಬೆರಳು ಇರಲಿಲ್ಲ. ಉಳಿದ ಬೆರಳುಗಳ ಹಿಡಿತಕ್ಕೇ ನನ್ನ ಬಳೆಗಳು ಒಡೆದು ಕೆಳಗೆ ಬಿದ್ದವು.

"ಇದು ಯಾರ್ಯಾರ ಮನಿಯಾಗ ಮಕ್ಕೊಂಡು ಬಂದೈತಿ, ಗೊತ್ತೇನ್ರಿ ಟೀಚರ್ರ ನಿಮಗ?"

"ಕಾಕಾ, ಹೆಡ್‌ಮಾಸ್ತರದು ಅದ. ಪ್ರಶ್ನೆಪತ್ರಿಕೆ ಅವ ಅದರಾಗ."

"ಹೆಡ್‌ಮಾಸ್ತರಂದು ಇರಲಿ, ಹೈಕೋರ್ಟಂದು ಇರಲಿ. ಕಡ್ಡಿ ಕಡ್ಡಿನ."

ಪೆನ್‌ಡ್ರೈವಿಗೆ ಅವರು ಕಡ್ಡಿ ಎನ್ನುತ್ತಿದ್ದರು. ಅಷ್ಟು ಹೇಳಿ ಅದನ್ನು ಕಿತ್ತುಕೊಂಡು ಅಂಗಳದ ಒರಳಿಗೆ ಎಸೆದರು. ಕುಟ್ಟಿದ್ದು ಒನಕೆಯಿಂದಲ್ಲ, ಕಾಲುವೆಯ ಗೇಟು ಎತ್ತುವ ಕಬ್ಬಿಣದ ಹ್ಯಾಂಡಲ್ಲಿನಿಂದ. ನೀಲಿ ಪ್ಲಾಸ್ಟಿಕ್ಕು, ಹಸಿರು ತಗಡು, ಹಿತ್ತಾಳೆಯ ಚೂರು ಎಲ್ಲ ಒಂದಾಗುವವರೆಗೆ ಕುಟ್ಟಿದರು. ಆಮೇಲೆ ಕೈ ತೊಳೆದುಕೊಂಡು ಹೋಗಿ ಬಿಟ್ಟ ರೊಟ್ಟಿಯನ್ನು ಮತ್ತೆ ತಿನ್ನತೊಡಗಿದರು. ಪರೀಕ್ಷೆ ಮುಂದಕ್ಕೆ ಹೋಯಿತು, ಹೆಡ್‌ಮಾಸ್ತರರು ನನ್ನನ್ನು ಎಲ್ಲರ ಎದುರು ಬೈದರು. ನಾನು ಬಹಳ ದಿನ ಕಾಕಾನ ಮುಖ ನೋಡಲಿಲ್ಲ.

ಹೆಸರು ಹಯ್ಯಾಳಪ್ಪ. ಊರಿನವರು ಗೇಟ್ ಹಯ್ಯಾಳಪ್ಪ ಎನ್ನುತ್ತಿದ್ದರು, ಯಾಕೆಂದರೆ ಕೆಲಸದಲ್ಲಿದ್ದಷ್ಟು ಕಾಲವೂ ಅವರು ಕಾಲುವೆಯ ಗೇಟ್‌ಮನ್. ಎತ್ತರದ ಆಳು, ಹುರಿ ಮೀಸೆ. ಬೆಳಿಗ್ಗೆ ಎದ್ದು ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಕಡೆ ಮುಖ ಮಾಡಿ ಹಲ್ಲುಜ್ಜುವಾಗ ಉಗುಳುವ ಸದ್ದಿಗೆ ಓಣಿಯ ನಾಯಿಗಳು ಎದ್ದು ಜಾಗ ಬದಲಿಸುತ್ತಿದ್ದವು. ಅಂಗಳದ ಕಬ್ಬಿಣದ ಗೇಟು ಯಾರೇ ತೆಗೆಯಲಿ, ಅದು ಕಿರ್ ಎಂದ ಕೂಡಲೇ ಒಳಗಿನಿಂದ ಕೂಗು ಬರುತ್ತಿತ್ತು: "ಯಾವಲೇ ಅಂವಾ, ಗೇಟ್ ತಗದಾಂವ?" ಪೋಸ್ಟ್‌ಮನ್ನಿಗೂ ಅದೇ, ಸ್ವಾಮಿಗಳಿಗೂ ಅದೇ, ಸಂಜೆ ಶಾಲೆಯಿಂದ ಬರುವ ನನಗೂ ಅದೇ. ತೆಗೆದವರು ಹೆಸರು ಹೇಳಬೇಕು, ಗೇಟು ಮುಚ್ಚಿದ್ದೇನೆ ಎಂದೂ ಹೇಳಬೇಕು. ಮುಚ್ಚದಿದ್ದರೆ ಹಾರಿ ಬರುತ್ತಿದ್ದದ್ದು ಚಪ್ಪಲಿ. ಗುರುಮಠಕಲ್ಲಿನವಳಾದ ನನ್ನ ತೆಲುಗು ಬೆರೆತ ಮಾತಿಗೆ ಅವರು ನಗುತ್ತಿದ್ದರು, ಅವರ ಈ ಕೂಗಿಗೆ ನಾನು ಹಲ್ಲು ಕಡಿಯುತ್ತಿದ್ದೆ.

ಬೆರಳು ಹೋದದ್ದು ಗೇಟಿನ ಮೇಲೆಯೇ. ಕಾಲುವೆ ಬಂದ ಮೇಲೆ ನಮ್ಮ ಕಡೆ ಜೋಳ, ತೊಗರಿ ಬಿತ್ತುತ್ತಿದ್ದ ಎರೆಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಮೇಲಿನ ಭಾಗದವರು ಗದ್ದೆ ತುಂಬಿಸಿಕೊಂಡರೆ ಕೊನೆಯ ಭಾಗಕ್ಕೆ, ಅಂದರೆ ಎಲ್ಲರೂ ಟೇಲೆಂಡು ಎನ್ನುವ ಹಳ್ಳಿಗಳಿಗೆ, ಹಸಿ ಮಣ್ಣು ಮಾತ್ರ ಮುಟ್ಟುತ್ತಿತ್ತು. ಸುರಪುರದ ಆಚೆಯ ಅಂಥದೊಂದು ಹಳ್ಳಿ ಕಾಕಾನ ಹೆಂಡತಿ ಮೋನಮ್ಮನ ತವರು. ಅವಳ ತಮ್ಮ ದೇವಿಂದ್ರಪ್ಪ ಒಂದು ದಿನ ಟ್ರ್ಯಾಕ್ಟರಿನಲ್ಲಿ ಜನ ಹೇರಿಕೊಂಡು ಗೇಟಿನ ಹತ್ತಿರ ಬಂದ. ತಾಯಿ ಸತ್ತ ಮೇಲೆ ಮೋನಮ್ಮ ಟೊಂಕದ ಮೇಲೆ ಹೊತ್ತು ಬೆಳೆಸಿದ ತಮ್ಮ ಅವನು. ಆ ಹೊತ್ತಿನ ಮಾತುಕತೆಯನ್ನು ಕಾಕಾ ನನಗೆ ಎಷ್ಟು ಸಲ ಹೇಳಿದ್ದಾರೋ, ನಾನೇ ಅಲ್ಲಿ ನಿಂತು ಕೇಳಿದ ಹಾಗಿದೆ.

"ಭಾವ, ಗೇಟ್ ಎತ್ತು. ಒಂದು ತಾಸು ಸಾಕು."

"ಪಾಳಿ ನಿಂದಲ್ಲ."

"ಬೆಳಿ ಒಣಗಾಕತ್ತೈತಿ ಭಾವ."

"ನಿನಗ ಒಂದು ತಾಸು ಬಿಟ್ಟೆ ಅಂದ್ರ ಅಕಡಿಯವಂಗ ಒಂದು ತಾಸು ಕಮ್ಮಿ. ನೀರು ಎರಡು ಕಡಿ ಪೂರಾ ಇರಂಗಿಲ್ಲಲೇ. ಇಲ್ಲಿ ಬಿಟ್ರ ಅಲ್ಲಿ ಇಳೀತೈತಿ."

ಕೊಡಲಿ ಬಿತ್ತು. ಗೇಟಿಗೆ ಹಾಕಿದ್ದ ಕೀಲಿಗೆ ಬೀಸಿದ್ದೆ, ಭಾವನೇ ಕೈ ಅಡ್ಡ ತಂದ ಎಂದು ದೇವಿಂದ್ರಪ್ಪ. ಕೈಗೇ ಗುರಿ ಇಟ್ಟಿದ್ದ ಎಂದು ಕಾಕಾ. ಎರಡು ಬೆರಳು ಕಾಲುವೆಗೆ ಬಿದ್ದು ತೇಲಿಹೋದವು. "ನೀರಂತೂ ಅವರ ಊರಿಗಿ ಮುಟ್ಟಲಿಲ್ಲ. ನನ್ನ ಬೆರಳು ಮುಟ್ಟಿರಬೇಕು" ಎಂದು ಹೇಳಿ ಕಾಕಾ ಗಹಗಹಿಸಿ ನಗುತ್ತಿದ್ದರು. ಕೋರ್ಟಿನಲ್ಲಿ ಪ್ರಮಾಣ ಮಾಡಲು ಅದೇ ಕೈ ಎತ್ತಿದರು. ದೇವಿಂದ್ರಪ್ಪ ಜೈಲು ಕಂಡು ಬಂದ. ನೌಕರಿ ಮುಗಿದ ದಿನ ಕಾಕಾ ಗೇಟಿನ ಹ್ಯಾಂಡಲ್ಲನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರು. ಸಾಹೇಬರು ಸರ್ಕಾರದ ಸಾಮಾನು ಎಂದರೆ, "ನನ್ನ ಬೆರಳು ವಾಪಸ್ ಕೊಡ್ರಿ, ಇದನ್ನ ವಾಪಸ್ ಕೊಡ್ತೀನಿ" ಎಂದರಂತೆ.

ಇದರ ಪೆಟ್ಟು ಹೆಚ್ಚು ಬಿದ್ದದ್ದು ಮೋನಮ್ಮನಿಗೆ. "ಆ ಹೊಸ್ತಿಲಾ ತುಳದಿ ಅಂದ್ರ ಈ ಹೊಸ್ತಿಲಾ ಮರತುಬಿಡು" ಎಂದು ಗಂಡ ಹೇಳಿದ ಮೇಲೆ ಆಕೆ ತವರಿಗೆ ಹೋಗಲಿಲ್ಲ. ವರ್ಷಕ್ಕೊಮ್ಮೆ ತಿಂಥಣಿಯ ಮೌನೇಶ್ವರನಿಗೆ ಕಾಯಿ ಒಡೆಯಲು ಹೋದಾಗ ನದಿಯ ದಂಡೆಯ ಮೇಲೆ ತಮ್ಮ ಕಾಣುತ್ತಾನೇನೋ ಎಂದು ನೋಡುತ್ತಿದ್ದಳಂತೆ. ಮನೆಯಲ್ಲಿ ಅಂಗಳದ ಗೇಟು ಕಿರ್ ಎಂದಾಗ ಗಂಡ ಹಾಗೆ ಕೂಗಿದರೆ, ಆಕೆ ಅಡುಗೆಮನೆಯಿಂದ ಹೀಗೆ ಕೂಗುತ್ತಿದ್ದಳು: "ನಮ್ಮ ದೇವಿಂದ್ರ ಬಂದಾನೇನು, ನೋಡ್ರಿ ಸ್ವಲ್ಪ." ನಾನು ಬಾಡಿಗೆಗೆ ಬಂದ ಹೊಸತರಲ್ಲಿ ದೇವಿಂದ್ರ ಎಂದರೆ ದಿನಾ ಬರುವ ನೆಂಟನಿರಬೇಕು ಎಂದುಕೊಂಡಿದ್ದೆ. ಅವನು ಒಂದು ದಿನವೂ ಬಂದಿರಲಿಲ್ಲ.

ಕಂಪ್ಯೂಟರು ಬಂದದ್ದು ಮಗಳು ರೇಣುಕಾಳಿಗಾಗಿ. ಅವಳು ಬೀಸುವ ಪದಗಳ ಮೇಲೆ ಸಂಶೋಧನೆಗೆ ಕುಳಿತಿದ್ದಳು. ವಿಶ್ವವಿದ್ಯಾಲಯದಿಂದ ಒಂದು ರೆಕಾರ್ಡರ್ ತಂದು, ಅವ್ವನನ್ನೇ ಬೀಸುಕಲ್ಲಿನ ಮುಂದೆ ಕೂಡಿಸಿ ಪದ ಹಾಡಿಸಿದಳು. ಮೋನಮ್ಮ ಹಾಡಿದ್ದೇ ಹಾಡಿದ್ದು. ಅವುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ರೆಕಾರ್ಡರನ್ನು ಖಾಲಿ ಮಾಡಿ ವಾಪಸ್ ಕೊಟ್ಟಾಯಿತು. ಅದಾಗಿ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಮೋನಮ್ಮ ಎದೆ ಹಿಡಿದುಕೊಂಡು ಬೀಸುಕಲ್ಲಿನ ಪಕ್ಕದಲ್ಲೇ ಹೊರಳಿದಳು. ಆಸ್ಪತ್ರೆಯ ತನಕವೂ ಜೀವ ಉಳಿಯಲಿಲ್ಲ.

ಹುಳ ಬಂದದ್ದು ಆಕೆಯ ಫೋಟೋದ ಜೊತೆಗೆ. ಗೋಡೆಗೆ ಹಾಕಲು ಫೋಟೋ ದೊಡ್ಡದು ಮಾಡಿಸಬೇಕೆಂದು ಕಾಕಾ ಸ್ಟುಡಿಯೋಕ್ಕೆ ಹೋಗಿದ್ದರು. ಅಲ್ಲಿಯವನು ಮಗಳಿಗೆ ತೋರಿಸಿರಿ ಎಂದು ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟ. ಊರಿನ ಎಲ್ಲ ಮದುವೆ, ಸೀಮಂತ, ನಾಮಕರಣ ತಿರುಗಿ ಬಂದ ಕಡ್ಡಿ ಅದು. ರೇಣುಕಾ ಅವ್ವನ ಮುಖ ನೋಡುವ ಆತುರದಲ್ಲಿ ಚುಚ್ಚಿದಳು. ಒಂದು ವಾರದಲ್ಲಿ ಕಂಪ್ಯೂಟರು ಕುಂಟತೊಡಗಿತು. ಫೋಲ್ಡರುಗಳ ಹೆಸರು ಇದ್ದವು, ತೆಗೆದರೆ ಒಳಗೆ ಏನೂ ಇಲ್ಲ. ರೇಣುಕಾ ಆಗ ಕಲಬುರಗಿಯಲ್ಲಿದ್ದಳು. ಕಾಕಾ ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿಯ ಖಾಜಾನಿಗೆ ಫೋನ್ ಮಾಡಿದರು. ಖಾಜಾ ಎಳೆಯ ವಯಸ್ಸಿನ ಮಾತುಗಾರ. ವೈರಸ್ಸು, ಆಂಟಿವೈರಸ್ಸು ಎಂದರೆ ಈ ಮುದುಕನಿಗೆ ಏನು ತಿಳಿಯುತ್ತದೆಂದು ಅವನಿಗೆ ತಿಳಿಯುವ ಭಾಷೆಯಲ್ಲೇ ಹೇಳಿದ: "ಕಾಕಾ, ಅದರಾಗ ಹುಳಾ ಹೊಕ್ಕಾವ. ಎಣ್ಣಿ ಹೊಡೀಬೇಕ್ರಿ. ನಾಳಿಗಿ ಬಂದು ಹೊಡಿತೀನಿ, ಫಿಕರ್ ಮಾಡಬ್ಯಾಡ್ರಿ."

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. ಕಾಲುವೆಯ ನೀರಿನ ಬೆನ್ನಿಗೇ ಹತ್ತಿಗೆ, ಮೆಣಸಿನಕಾಯಿಗೆ ಹುಳ ಬಂದವು, ಹುಳದ ಬೆನ್ನಿಗೆ ಎಣ್ಣೆ ಬಂತು. ಕಾಕಾನ ಮನೆಯಲ್ಲಿ ಬೆನ್ನಿಗೆ ಹಾಕುವ ಪಂಪೂ ಇತ್ತು, ಅಟ್ಟದ ಮೇಲೆ ಡಬ್ಬಿಯೂ ಇತ್ತು. ಒಂದು ದಿನ ಬಿಟ್ಟರೆ ಹುಳ ಎಷ್ಟು ತಿನ್ನುತ್ತದೆಂದು ತಿಳಿದ ಮನುಷ್ಯ ನಾಳೆಯ ತನಕ ಯಾಕೆ ಕಾಯುತ್ತಾರೆ? ಮೂಗಿಗೆ ಟವೆಲು ಕಟ್ಟಿದರು, ಹೊಲಕ್ಕೆ ಬೆರೆಸುವುದರ ಎರಡು ಪಟ್ಟು ಬೆರೆಸಿದರು, ಕಂಪ್ಯೂಟರಿನ ಡಬ್ಬದ ಮುಚ್ಚಳ ಬಿಚ್ಚಿದರು. ಹುಳ ಓಡಾಡುತ್ತಿರುವಾಗಲೇ ಹೊಡೆದರೆ ಮೈಗೆ ಚೆನ್ನಾಗಿ ತಾಗುತ್ತದೆ ಎಂಬ ಲೆಕ್ಕದಿಂದ ಕಂಪ್ಯೂಟರು ಚಾಲೂ ಇಟ್ಟೇ ಹೊಡೆದರು.

ನಾನು ಶಾಲೆಯಿಂದ ಬರುವಾಗ ಓಣಿಯ ತುದಿಗೇ ವಾಸನೆ ಬಡಿಯಿತು. ಒಳಗೆ ಹೊಗೆ ತುಂಬಿತ್ತು, ಕರೆಂಟು ಹೋಗಿತ್ತು. ಕಾಕಾನ ಮೀಸೆಯ ಒಂದು ಕಡೆ ಸುಟ್ಟಿತ್ತು. ಪಂಪಿನ ನಳಿಗೆಯನ್ನು ಇನ್ನೂ ಕಂಪ್ಯೂಟರಿನ ಕಡೆಗೇ ಹಿಡಿದು ನಿಂತಿದ್ದರು.

"ಒಂದೂ ಹೊರಗ ಬರಲಿಲ್ಲ ಟೀಚರ್ರ" ಎಂದರು.

ಮರುದಿನ ಖಾಜಾ ಬಂದು ನೋಡಿ ನಕ್ಕ. ಅವನು ನಗಬಾರದಿತ್ತು. ಮೊದಲ ಏಟಿಗೆ ತುಟಿ ಒಡೆಯಿತು, ಎರಡನೆಯದಕ್ಕೆ ಅಂಗಳಕ್ಕೆ ಬಿದ್ದ. ಹ್ಯಾಂಡಲ್ಲು ಅವನ ಮೊಣಕಾಲಿಗೆ ಬಿದ್ದ ಸದ್ದು ನನಗೆ ಈಗಲೂ ಕೇಳುತ್ತದೆ. ನಾನು ನಡುವೆ ಹೋಗಿ ಕಾಕಾನ ತೋಳಿಗೆ ಜೋತುಬಿದ್ದೆ, ಅವರು ನನ್ನನ್ನೂ ಎಳೆದುಕೊಂಡೇ ಹೊಡೆದರು.

"ಎಣ್ಣಿ ಹೊಡೀಬೇಕಂತ ಅಂದಾಂವ ಯಾವಲೇ?"

"ಅರೇ ಕಾಕಾ, ನಿಮಗ ತಿಳೀಲಿ ಅಂತ ಹಂಗ ಅಂದೆ!"

"ತಿಳಕೊಂಡೇ ಹೊಡದೀನಿ ಮಗನ!"

ಆದರೂ ಖಾಜಾ ಓಡಿಹೋಗಲಿಲ್ಲ. ಬಾಯಿಯ ರಕ್ತ ಒರೆಸಿಕೊಂಡು, ಸುಟ್ಟ ಡಬ್ಬದೊಳಗಿನಿಂದ ಹಾರ್ಡ್‌ಡಿಸ್ಕ್ ಬಿಚ್ಚಿ, ಇದರಲ್ಲಿ ಏನಾದರೂ ಉಳಿದಿರಬಹುದು ಎಂದ. ಕಾಕಾ ಅವನ ಅಂಗಡಿಗೇ ಹೋಗಿ, ತೊಡೆಯ ಮೇಲೆ ಹ್ಯಾಂಡಲ್ಲು ಇಟ್ಟುಕೊಂಡು ಅವನ ಎದುರಿಗೆ ಕುಳಿತರು. ಎಣ್ಣೆ ಡಿಸ್ಕಿಗೆ ಏನೂ ಮಾಡಿರಲಿಲ್ಲ. ಮಾಡಿದ್ದು ಹುಳ. ಹಾಡುಗಳನ್ನೇ ಹುಡುಕಿ ತಿನ್ನುವ ಜಾತಿಯದಂತೆ ಅದು. ರೇಣುಕಾ ಟೈಪ್ ಮಾಡಿದ್ದೆಲ್ಲ ಉಳಿದಿತ್ತು, ಮೋನಮ್ಮನ ಪದಗಳಲ್ಲಿ ಸಿಕ್ಕಿದ್ದು ಒಂದೇ ಒಂದು. ಖಾಜಾ ಅದನ್ನು ಹಚ್ಚಿದ. ಆಮೇಲೆ ಇನ್ನೊಂದು ಹಚ್ಚು ಎಂದರು ಕಾಕಾ. ಇಷ್ಟೇ ಎಂದು ಅವನು ತಲೆ ಅಲ್ಲಾಡಿಸಿದಾಗ, ಎದ್ದು ಹೋಗಿ ಅಂಗಡಿಯ ಕಬ್ಬಿಣದ ಕಂಬಕ್ಕೆ ತಮ್ಮ ಹಣೆಯನ್ನು ಚಚ್ಚಿಕೊಂಡರು. ರಕ್ತ ಹುಬ್ಬಿನ ಮೇಲೆ ಇಳಿಯುವ ತನಕ ಬಿಡಲಿಲ್ಲ. ಒದೆ ತಿಂದ ಖಾಜಾನೇ ಅವರನ್ನು ತಬ್ಬಿ ಹಿಡಿದು ಕೂಡಿಸಿದ.

ಉಳಿದ ಆ ಪದದಲ್ಲಿ ಒಂದು ವಿಶೇಷವಿತ್ತು. ಅರ್ಧಕ್ಕೆ ಬಂದಾಗ ಹಿಂದೆ ಗೇಟು ಕಿರ್ ಎನ್ನುತ್ತದೆ. ಕೂಡಲೇ ಕಾಕಾನ ಗರ್ಜನೆ: "ಯಾವಲೇ ಅಂವಾ, ಗೇಟ್ ತಗದಾಂವ?" ಮೋನಮ್ಮ ಹಾಡು ನಿಲ್ಲಿಸಿ ಕೇಳುತ್ತಾಳೆ: "ನಮ್ಮ ದೇವಿಂದ್ರ ಬಂದಾನೇನು, ನೋಡ್ರಿ ಸ್ವಲ್ಪ." ಒಂದು ಆಡು ಒದರುತ್ತದೆ. ಮೋನಮ್ಮ ನಗುತ್ತಾಳೆ, ಬೀಸುಕಲ್ಲು ಮತ್ತೆ ತಿರುಗುತ್ತದೆ. ಬೇರೆ ಪದಗಳೆಲ್ಲ ಶುದ್ಧವಾಗಿದ್ದವು, ಇದೊಂದೇ ಕೆಟ್ಟದ್ದು ಎಂದು ರೇಣುಕಾ ಒಮ್ಮೆ ಅಳಿಸಿ ಹಾಕಬೇಕೆಂದಿದ್ದಳು. ಹುಳಕ್ಕೂ ಅದು ರುಚಿಸಲಿಲ್ಲವೋ ಏನೋ, ಅದನ್ನೇ ಬಿಟ್ಟಿತ್ತು.

ಖಾಜಾ ಆ ಡಿಸ್ಕನ್ನು ಬೇರೊಂದು ಡಬ್ಬಕ್ಕೆ ಕೂಡಿಸಿ ಮನೆಗೆ ತಂದುಕೊಟ್ಟ. ಅಂದಿನಿಂದ ಕಾಕಾ ಕಂಪ್ಯೂಟರಿಗೆ ಗೇಟ್‌ಮನ್ ಆದರು. ಇಂಟರ್ನೆಟ್ಟಿನ ತಂತಿ ಮನೆಯ ಹೊಸ್ತಿಲು ದಾಟುವಂತಿಲ್ಲ. ಕಡ್ಡಿ ಚುಚ್ಚುವ ತೂತುಗಳಿಗೆಲ್ಲ ಅರಗು ಕಾಯಿಸಿ ತುಂಬಿದರು. ಆಂಟಿವೈರಸ್ಸಿನ ಸಿ.ಡಿ. ತಂದರೆ ಖಾಜಾನನ್ನು ಅಂಗಳದಲ್ಲೇ ನಿಲ್ಲಿಸಿ, "ಮೊದ್ಲ ನಿನ್ನ ಮಿಷನ್ನಿಗಿ ಹಾಕಿದೇನು? ಬದುಕಿ ಐತೇನು ಅದು?" ಎಂದು ವಿಚಾರಣೆ ನಡೆಸುತ್ತಿದ್ದರು. ಹ್ಯಾಂಡಲ್ಲು ಸದಾ ಡಬ್ಬದ ಮೇಲೆಯೇ ಮಲಗಿರುತ್ತಿತ್ತು. ನಮ್ಮ ಹೆಡ್‌ಮಾಸ್ತರರ ಪ್ರಶ್ನೆಪತ್ರಿಕೆಗಳು ಒರಳು ಸೇರಿದ್ದು ಈ ಕಾಲದಲ್ಲಿ, ತೂತುಗಳಿಗೆ ಅರಗು ಬೀಳುವುದಕ್ಕೆ ಒಂದು ದಿನ ಮೊದಲು. ಸಂಜೆ ಹೊತ್ತು ಒಬ್ಬರೇ ಕುಳಿತು ಆ ಪದವನ್ನು ಹಚ್ಚಿಕೊಳ್ಳುತ್ತಿದ್ದರು. ತಮ್ಮ ಗರ್ಜನೆ ಬಂದಾಗ ಮುಖ ಆಚೆ ತಿರುಗಿಸುತ್ತಿದ್ದರು, ಆಕೆ ತಮ್ಮನನ್ನು ಕೇಳುವಾಗ ಹಲ್ಲು ಕಚ್ಚುತ್ತಿದ್ದರು, ಆಕೆ ನಗುವಾಗ ಮಾತ್ರ ಕಣ್ಣು ಮುಚ್ಚುತ್ತಿದ್ದರು. ನನ್ನ ಕೋಣೆಯ ಕಿಟಕಿಯಿಂದ ಅದೆಲ್ಲ ಕಾಣುತ್ತಿತ್ತು. ಅವರ ಮೇಲಿನ ನನ್ನ ಸಿಟ್ಟು ಆ ಹೊತ್ತಿಗೆ ಎಲ್ಲಿಗೆ ಹೋಗುತ್ತಿತ್ತೋ ತಿಳಿಯದು.

ಆದರೆ ಡಿಸ್ಕು ಹಳೆಯದಾಗುತ್ತಿತ್ತು. ಒಮ್ಮೊಮ್ಮೆ ಟಕ್ ಟಕ್ ಎನ್ನುತ್ತಿತ್ತು. ಇದು ಯಾವಾಗ ನಿಲ್ಲುತ್ತದೋ ಹೇಳಲಾಗದು, ಒಂದು ನಕಲು ಮಾಡಿ ಬೇರೆ ಕಡೆ ಇಡಿರಿ ಎಂದು ಖಾಜಾ ದೂರ ನಿಂತು ಹೇಳಿದ. ರೇಣುಕಾ ಹೇಳಿದಳು, ನಾನೂ ಹೇಳಿದೆ. ಕಾಕಾ ಒಪ್ಪಲಿಲ್ಲ. ಹುಳದ ಹೆದರಿಕೆ ಒಂದು ಕಾರಣವಾದರೆ, ಇನ್ನೊಂದು ಕಾರಣ ಕೇಳಿ ನಾನು ಹಣೆ ಹಣೆ ಬಡಿದುಕೊಂಡೆ.

"ನಕಲು ಮಾಡಿದ್ರ ಆಕಿ ದನಿ ಇಳೀತೈತಿ" ಎಂದರು.

"ಇಳೀಯಂಗಿಲ್ಲ ಕಾಕಾ. ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ್ರ ಮೊದಲಿಂದು ಕಮ್ಮಿ ಆಗ್ತದೇನು?"

"ದೀಪಂದ್ರ ಬೆಂಕಿ. ಬೆಂಕಿ ಮಾತು ನಂಗ ಗೊತ್ತಿಲ್ಲ. ನಂಗ ಗೊತ್ತಿರೂದು ನೀರು. ಎರಡನೇ ತೂಬು ತಗದ್ರ ಮೊದಲನೇದರಾಗ ಇಳಿಯೂದನ ಸೈ. ನಾ ಅಷ್ಟು ವರ್ಷ ಏನು ಕತ್ತಿ ಕಾದೀನೇನು?"

ಕತ್ತೆ ಕಾದವರಿಗಾದರೂ ತಿಳಿಸಿ ಹೇಳಬಹುದಿತ್ತು. ಜೀವನವಿಡೀ ನೀರು ಅಳೆದ ಮನುಷ್ಯನಿಗೆ, ಹಂಚಿದರೂ ಇಳಿಯದ ವಸ್ತು ಲೋಕದಲ್ಲಿದೆ ಎಂದು ನಂಬಿಸುವುದು ನನ್ನಿಂದ ಆಗಲಿಲ್ಲ. ಡಿಸ್ಕು ನಿಂತುಹೋದರೆ ಮೋನಮ್ಮನ ದನಿ ಮುಗಿಯಿತು ಎಂಬುದು ನಮಗೆಲ್ಲ ಗೊತ್ತಿತ್ತು. ಅದಕ್ಕೆ ಕಾವಲು ಕುಳಿತವರೇ ಅದರ ಗಂಡಾಂತರವಾಗಿದ್ದರು.

ರೇಣುಕಾ ಊರಿಗೆ ಬಂದಿದ್ದ ಒಂದು ಭಾನುವಾರ ಮಧ್ಯಾಹ್ನ ಗೇಟು ಕಿರ್ ಎಂದಿತು. ಕಾಕಾ ಒಳಗಿನಿಂದ ಕೂಗಿದರು. ಹೊರಗಿನಿಂದ ಉತ್ತರ ಬಂತು: "ನಾನು ಭಾವ. ದೇವಿಂದ್ರ."

ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ತಲೆ ನರೆತ ಗಿಡ್ಡ ಆಳು, ಒಗೆದ ಬಿಳಿ ಅಂಗಿ. ರೇಣುಕಾ ಅವನನ್ನು ಸುರಪುರದಲ್ಲಿ ಕಂಡು ಅಕ್ಕನ ಪದ ಉಳಿದಿದೆ ಎಂದು ಹೇಳಿದ್ದಳಂತೆ. ಜೇಬಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಹೊಸ ಪೆನ್‌ಡ್ರೈವ್ ತೆಗೆದು ಅಂಗೈ ಮೇಲಿಟ್ಟು ಚಾಚಿದ.

"ಅಕ್ಕನ ಮಣ್ಣಿಗೂ ನನ್ನ ಕರೀಲಿಲ್ಲ ನೀ. ಇರಲಿ. ಆಕಿ ದನಿ ಒಂದಿಷ್ಟು ಇದರಾಗ ಹಾಕಿಕೊಡು. ಒಯ್ತೀನಿ."

ಕಾಕಾ ಹ್ಯಾಂಡಲ್ಲು ಹಿಡಿದು ಹೊರಗೆ ಬಂದರು. ಪೆನ್‌ಡ್ರೈವ್ ಕಸಿದು ಒರಳಿಗೆ ಹಾಕಿ ಹ್ಯಾಂಡಲ್ಲಿನಿಂದ ಒಂದೇ ಏಟಿಗೆ ಜಜ್ಜಿದರು. ಎರಡನೆಯ ಏಟಿಗೆ ಹ್ಯಾಂಡಲ್ಲು ಎತ್ತಿದಾಗ ದೇವಿಂದ್ರಪ್ಪ ಅದನ್ನು ಹಿಡಿದ. ಇಬ್ಬರೂ ಮುದುಕರು. ಆದರೆ ಆ ಹೊತ್ತು ಅವರ ಮೈಯಲ್ಲಿ ಹರೆಯದ ಬಲ ಬಂದಿತ್ತು. ದೇವಿಂದ್ರಪ್ಪ ಕಾಕಾನ ಕುತ್ತಿಗೆಗೆ ಕೈ ಹಾಕಿದ, ಕಾಕಾ ತಲೆಯಿಂದ ಅವನ ಮೂಗಿಗೆ ಗುದ್ದಿದರು. ಬೀಸುಕಲ್ಲಿನ ಮೇಲೆ ಇಬ್ಬರೂ ಉರುಳಿದರು. ಬಿಡಿಸಲು ಹೋದ ನನ್ನ ಬಾಯಿಗೆ ಯಾರದೋ ಮೊಣಕೈ ಬಿದ್ದು ಹಲ್ಲು ಅಲ್ಲಾಡಿತು. ಹ್ಯಾಂಡಲ್ಲು ಕಾಕಾನ ಕೈಗೆ ಸಿಕ್ಕಿತು. ದೇವಿಂದ್ರಪ್ಪನ ನೆತ್ತಿ ಒಡೆದು ಬಿಳಿ ಅಂಗಿಯ ಹೆಗಲು ಕೆಂಪಾಯಿತು.

"ಕೊಡ್ಲಿ ನಾ ಕೀಲಿಗಿ ಬೀಸಿದ್ದೆ!" ದೇವಿಂದ್ರಪ್ಪ ಬಿದ್ದಲ್ಲಿಂದಲೇ ಚೀರಿದ. "ಮೌನೇಶ್ವರನ ಆಣಿ, ಕೀಲಿಗಿ ಬೀಸಿದ್ದೆ!"

"ಸುಳ್ಳು!"

"ಒಂದು ಹನಿ ನೀರು ಬಿಡಲಿಲ್ಲ ಅವತ್ತ. ಇವತ್ತು ದನಿನೂ ಬಿಡಂಗಿಲ್ಲೇನು?"

ಆ ಮಾತಿಗೆ ಕಾಕಾನ ಮುಖ ವಿಕಾರವಾಯಿತು. ಎದ್ದು ಒಳಗೆ ನುಗ್ಗಿದರು. ನಾನು ಹಿಂದೆ ಓಡಿದೆ. ಕಂಪ್ಯೂಟರಿನ ಮುಂದೆ ನಿಂತು ಹ್ಯಾಂಡಲ್ಲನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿದ್ದರು. "ಯಾರಿಗೂ ಬ್ಯಾಡ" ಎಂದು ಕೂಗಿದರು. "ಟೇಲೆಂಡಿಗೂ ಬ್ಯಾಡ, ನನಗೂ ಬ್ಯಾಡ. ಒಡದು ಹಾಕ್ತೀನಿ. ಮುಗೀಲಿ!"

ರೇಣುಕಾ ಅಲ್ಲೇ ಕುರ್ಚಿಯ ಮೇಲಿದ್ದಳು. ಏಳಲಿಲ್ಲ. ಪದ ಹಚ್ಚಿದಳು.

ಬೀಸುಕಲ್ಲು ತಿರುಗಿತು. ಮೋನಮ್ಮನ ದನಿ ಅಂಗಳದ ತನಕ ಹೋಯಿತು. ಹೊರಗೆ ದೇವಿಂದ್ರಪ್ಪನ ನರಳಾಟ ನಿಂತಿತು. ಪದದೊಳಗೆ ಗೇಟು ಕಿರ್ ಎಂದಿತು, ಪದದೊಳಗಿನ ಕಾಕಾ ಗರ್ಜಿಸಿದರು, ಆಕೆ ಕೇಳಿದಳು: "ನಮ್ಮ ದೇವಿಂದ್ರ ಬಂದಾನೇನು, ನೋಡ್ರಿ ಸ್ವಲ್ಪ." ಹೊಸ್ತಿಲ ಮೇಲೆ ದೊಪ್ಪೆಂದು ಸದ್ದಾಯಿತು. ದೇವಿಂದ್ರಪ್ಪ ಅಲ್ಲಿ ಕುಸಿದು ಕುಳಿತಿದ್ದ. ರಕ್ತವೂ ಕಣ್ಣೀರೂ ಕೂಡಿ ಗಡ್ಡದಿಂದ ಇಳಿಯುತ್ತಿದ್ದವು. ಒರೆಸಿಕೊಳ್ಳಲೂ ಅವನಿಗೆ ಕೈ ಏಳಲಿಲ್ಲ.

ಕಾಕಾನ ಹ್ಯಾಂಡಲ್ಲು ಇನ್ನೂ ಮೇಲೆಯೇ ಇತ್ತು. ರೇಣುಕಾ ತಲೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ತೂತಿನ ಅರಗು ಕೆದರಿದಳು. ಕುಪ್ಪಸದೊಳಗಿನಿಂದ ಇನ್ನೊಂದು ಪೆನ್‌ಡ್ರೈವ್ ತೆಗೆದಳು. ಖಾಜಾನ ಹತ್ತಿರ ಪರೀಕ್ಷೆ ಮಾಡಿಸಿ, ಇಂಥ ದಿನಕ್ಕೇ ಎಂದು ಇಟ್ಟುಕೊಂಡಿದ್ದದ್ದು. ಅದನ್ನು ಚುಚ್ಚಿ, ಕೈಯನ್ನು ಡಬ್ಬದ ಮೇಲೆ ಹರಡಿ ಇಟ್ಟಳು.

"ಹೊಡಿ ಅಪ್ಪಾ. ನನ್ನ ಕೈ ಮ್ಯಾಲ ಹೊಡಿ. ಈ ಮನಿಯಾಗ ಇನ್ನೆರಡು ಬೆರಳು ಹೋಗಲಿ."

ನಾನು ಕಣ್ಣು ಮುಚ್ಚಿಕೊಂಡೆ. ಕಬ್ಬಿಣ ಬಿದ್ದ ಸದ್ದಿಗೆ ಕಿರುಚಿದೆ. ಕಣ್ಣು ಬಿಟ್ಟು ನೋಡಿದರೆ ರೇಣುಕಾಳ ಬೆರಳುಗಳು ಇದ್ದಂತೆಯೇ ಇದ್ದವು. ಹ್ಯಾಂಡಲ್ಲು ಕಾಕಾನ ಕೈಯಿಂದ ಜಾರಿ ಅವರದೇ ಕಾಲಿನ ಮೇಲೆ ಬಿದ್ದಿತ್ತು. ಹೆಬ್ಬೆರಳ ಉಗುರು ಕಿತ್ತು ರಕ್ತ ಹರಿಯುತ್ತಿತ್ತು. ಅವರಿಗೆ ಅದರ ಕಡೆ ಗಮನವೇ ಇರಲಿಲ್ಲ. ಅವರು ಪರದೆಯ ಮೇಲೆ ಸರಿಯುತ್ತಿದ್ದ ಹಸಿರು ಪಟ್ಟಿಯನ್ನು, ನೀರು ಏರುವುದನ್ನು ನೋಡುವವರ ಹಾಗೆ ನೋಡುತ್ತಿದ್ದರು.

ಪಟ್ಟಿ ತುಂಬಿತು. ರೇಣುಕಾ ಪೆನ್‌ಡ್ರೈವ್ ಕಿತ್ತುಕೊಂಡಳು.

"ಹಚ್ಚು" ಎಂದರು ಕಾಕಾ.

ರೇಣುಕಾ ಪದ ಹಚ್ಚಿದಳು. ಅವರು ಮೊಣಕಾಲೂರಿ ಸ್ಪೀಕರಿಗೆ ಕಿವಿ ಹಚ್ಚಿದರು. ಕೊನೆಯ ತನಕ ಕೇಳಿದರು. ಮತ್ತೊಮ್ಮೆ ಹಚ್ಚು ಎಂದರು, ಮತ್ತೊಮ್ಮೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ನಾನು ಅಂಥ ಬೆರಗನ್ನು ಮೊದಲು ಕಂಡಿರಲಿಲ್ಲ.

"ಕಮ್ಮಿ ಆಗಿಲ್ಲ ಟೀಚರ್ರ. ಟೇಲೆಂಡಿಗೂ ಮುಟ್ತು, ಇಲ್ಲೂ ಅಷ್ಟ ಐತಿ. ಇಂಥಾ ನೀರು ನಾ ಎಲ್ಲೂ ನೋಡಿಲ್ಲ."

ಕ್ಷಮೆ ಕೇಳುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಕಾಕಾ ಮೂಗಿಗೆ ಕಟ್ಟುವ ಆ ಟವೆಲು ತಂದು ದೇವಿಂದ್ರಪ್ಪನ ನೆತ್ತಿಗೆ ಬಿಗಿಯಾಗಿ ಸುತ್ತಿದರು. ಗಂಟು ಹಾಕಿ, ರೇಣುಕಾಳ ಕೈಯಲ್ಲಿದ್ದ ಪೆನ್‌ಡ್ರೈವ್ ತೆಗೆದು ಅವನ ಜೇಬಿಗೆ ಇಳಿಸುತ್ತ, "ಇದಕ್ಕ ಹುಳಾ ಹತ್ತಿಸಿಗೊಂಡಿ ಅಂದ್ರ, ಉಳದ ಬೆರಳಿಲೇ ನಿನ್ನ ಕುತ್ತಿಗಿ ಹಿಸುಕ್ತೀನಿ ಮಗನ" ಎಂದರು. ದೇವಿಂದ್ರಪ್ಪ ಹೂಂ ಎಂದ. ಮೂರೂ ಜನ ಕೂಡಿ ಖಾಜಾನ ಪರಿಚಯದ ಆಟೋದಲ್ಲಿ ಆಸ್ಪತ್ರೆಗೆ ಹೋದರು, ಹಲ್ಲು ಅಲ್ಲಾಡುತ್ತಿದ್ದ ನನ್ನನ್ನು ಕರೆಯುವುದನ್ನು ಮರೆತೇ ಹೋದರು.

ಆಮೇಲೆ ನನಗೆ ಯಾದಗಿರಿಗೆ ವರ್ಗವಾಯಿತು. ಸಾಮಾನು ಹೇರಿಸುವ ದಿನ ಕಾಕಾ ಅಂಗಳದಲ್ಲಿ ನಿಂತು ಹಮಾಲರನ್ನು ಬೈಯುತ್ತಿದ್ದರು. ನಾನು ಹೊರಟಾಗ ಕೈಗೆ ಒಂದು ಹೊಸ ಪೆನ್‌ಡ್ರೈವ್ ಇಟ್ಟರು. "ಹೆಡ್‌ಮಾಸ್ತರಗ ಕೊಡ್ರಿ" ಎಂದರು. ಆ ಹೆಡ್‌ಮಾಸ್ತರರು ನಿವೃತ್ತರಾಗಿ ಎಷ್ಟೋ ದಿನವಾಗಿತ್ತು. ಅದು ನನ್ನ ಹತ್ತಿರವೇ ಇದೆ. ಅದರಲ್ಲಿ ಮೋನಮ್ಮನ ಪದ ಹಾಕಿದ್ದರೆಂದು ನನಗೆ ಗೊತ್ತಾದದ್ದು ಯಾದಗಿರಿಗೆ ಹೋಗಿ ಅದನ್ನು ತೆಗೆದು ನೋಡಿದಾಗ.

ಕಾಕಾ ತೀರಿಹೋದ ಸುದ್ದಿ ರೇಣುಕಾ ಫೋನಿನಲ್ಲಿ ಹೇಳಿದಳು. ಗೇಟಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿದವನ ಜೊತೆ ಜಗಳವಾಡುತ್ತ, ಬೈಗುಳದ ನಡುವೆಯೇ ಕುಸಿದರಂತೆ. ನಾನು ಹೋದಾಗ ಪಡಸಾಲೆಯಲ್ಲಿ ಮಲಗಿಸಿದ್ದರು. ಮೀಸೆ ನೆಟ್ಟಗಿತ್ತು. ಹ್ಯಾಂಡಲ್ಲನ್ನು ಯಾರೋ ಪಕ್ಕದಲ್ಲೇ ಇಟ್ಟಿದ್ದರು. ಖಾಜಾ ಮೂಲೆಯಲ್ಲಿ ನಿಂತು ಅಳುತ್ತಿದ್ದ. ನಾನು ಗೇಟು ತೆಗೆದು ಒಳಗೆ ಬಂದಿದ್ದೆ, ಯಾರೂ ಕೂಗಿರಲಿಲ್ಲ. ಅದು ನನಗೆ ತಡೆಯಲಾಗಲಿಲ್ಲ, ಹೆಣದ ಹತ್ತಿರ ಕುಳಿತು ಅತ್ತೆ.

ಸುರಪುರದ ಬಸ್ಸು ತಡವಾಗಿ, ದೇವಿಂದ್ರಪ್ಪ ಎಲ್ಲರಿಗಿಂತ ಕೊನೆಗೆ ಬಂದ. ಬಂದು ಭಾವನ ತಲೆಯ ಹತ್ತಿರ ಕುಳಿತ. ಹೆಂಗಸರ ಅಳು ಸ್ವಲ್ಪ ತಗ್ಗಿದ್ದ ಹೊತ್ತು. ಅವನ ಜೇಬಿನಲ್ಲಿ ಮೊಬೈಲ್ ಬಡಿದುಕೊಂಡಿತು. ಅಕ್ಕನ ಪದವನ್ನೇ ಅವನು ರಿಂಗ್‌ಟೋನ್ ಮಾಡಿಸಿಕೊಂಡಿದ್ದ, ಅದೂ ತನ್ನ ಹೆಸರು ಬರುವುದಕ್ಕೆ ಸ್ವಲ್ಪ ಮೊದಲಿನಿಂದ ಶುರುವಾಗುವ ಹಾಗೆ.

ಗೇಟು ಕಿರ್ ಎಂದಿತು.

"ಯಾವಲೇ ಅಂವಾ, ಗೇಟ್ ತಗದಾಂವ?"

ಪಡಸಾಲೆಯಲ್ಲಿದ್ದವರೆಲ್ಲ ಹೌಹಾರಿ ಹೆಣದ ಕಡೆ ನೋಡಿದರು. ಖಾಜಾ ಗೋಡೆಗೆ ಒತ್ತಿ ನಿಂತ. ಹುಳದಿಂದ, ಎಣ್ಣೆಯಿಂದ, ತಮ್ಮದೇ ಹ್ಯಾಂಡಲ್ಲಿನಿಂದ ಹೆಂಡತಿಯ ದನಿ ಉಳಿಯಲಿ ಎಂದು ಅಷ್ಟು ಬಡಿದಾಡಿದ ಮನುಷ್ಯ, ಅದರ ಜೊತೆ ತಮ್ಮ ದನಿಯೂ ಉಳಿದಿದೆ ಎಂದು ಒಮ್ಮೆಯೂ ಯೋಚಿಸಿರಲಿಕ್ಕಿಲ್ಲ.

"ನಮ್ಮ ದೇವಿಂದ್ರ ಬಂದಾನೇನು, ನೋಡ್ರಿ ಸ್ವಲ್ಪ."

ಯಾರೋ ಬಂದ್ ಮಾಡು ಎಂದರು. ದೇವಿಂದ್ರಪ್ಪ ಬಂದ್ ಮಾಡಲಿಲ್ಲ. ಎದ್ದು ನಿಂತು ಭಾವನ ಕಾಲ ಕಡೆ ಬಂದು ಕೈ ಮುಗಿದ.

"ನಾನ ಭಾವ, ದೇವಿಂದ್ರ" ಎಂದ. "ಗೇಟ್ ಮುಚ್ಚೇ ಬಂದೀನಿ."